ಮುನ್ನರಿವಿನ ಋಣ

ನಾಳೆ ಏನಾಗುವುದೆಂಬುದನ್ನು ಇಂದೇ ತಿಳಿಯಬೇಕೆಂಬ ಹಂಬಲವು ಮನುಷ್ಯನಿಗೆ ಬಹು ಪುರಾತನವಾದುದು. ಪಂಚಾಂಗವನ್ನು ತೆರೆಯುವುದೂ, ಶಕುನವನ್ನು ನೋಡುವುದೂ, ಹಕ್ಕಿಯ ಕೂಗಿಗೆ ಕಿವಿಗೊಡುವುದೂ ಈ ಹಂಬಲದ ಬೇರೆ ಬೇರೆ ರೂಪಗಳೇ ಸರಿ. ಆದರೆ ತಿಳಿದ ಬಳಿಕ ತಿಳಿದವನು ಮಾಡತಕ್ಕದ್ದೇನು, ಆ ತಿಳಿವಿನಿಂದ ಅವನ ಮೇಲೆ ಏನಾದರೂ ಹೊಣೆ ಬೀಳುವುದೋ ಇಲ್ಲವೋ ಎಂದು ವಿಚಾರಿಸುವವರು ವಿರಳ. ನಮ್ಮ ಸಕಲೇಶಪುರ ಆಲೂರು ಸೀಮೆಗಳ ಚಳಿಗಾಲದ ಗಾಳಿಮಳೆಯನ್ನೂ, ಅದನ್ನು ಕುರಿತು ಈಗ ಮುಂಚಿತವಾಗಿಯೇ ದೊರೆಯುತ್ತಿರುವ ಸೂಚನೆಗಳನ್ನೂ ನಿಮಿತ್ತವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ವಾಚಕರ ಮುಂದೆ ಇಡಬೇಕೆಂದು ನನ್ನ ಅಪೇಕ್ಷೆ.

ಮೊದಲು ವಿಷಯದ ಸ್ವರೂಪವನ್ನು ನೋಡೋಣ. ಮುಂಗಾರಿನ ಮಳೆಯು ಪಡುವಣ ಕಡಲಿನಿಂದ ಘಟ್ಟವನ್ನೇರಿ ಬರುವುದು. ಅದು ಎಷ್ಟೇ ಉಗ್ರವಾಗಿದ್ದರೂ ನಿರೀಕ್ಷಿತವಾದುದು. ಕಂಬಳಿ, ಗೊರಬು, ಒಣಗಿದ ಸೌದೆ ಎಲ್ಲವೂ ಅದಕ್ಕೆ ಸಿದ್ಧವಾಗಿರುವುವು. ಕಾರ್ತಿಕ ಮಾರ್ಗಶಿರಗಳ ಮಳೆಯ ದಾರಿಯೇ ಬೇರೆ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಚಂಡಮಾರುತವು ಮೂಡಣ ಕರಾವಳಿಯನ್ನು ಮುಟ್ಟಿ, ಅಲ್ಲಿ ಬಲಗುಂದಿ, ಬರಿಯ ಮೋಡದ ರಾಶಿಯಾಗಿ ಮೈಸೂರಿನ ಪ್ರಸ್ಥಭೂಮಿಯ ಮೇಲೆ ಸರಿದುಬರುವುದು. ೨೦೨೨ನೆಯ ಡಿಸೆಂಬರಿನಲ್ಲಿ ಮಾಮಲ್ಲಪುರದ ಬಳಿ ದಡ ಸೇರಿದ ಮಾಂಡೌಸ್ ಎಂಬ ಚಂಡಮಾರುತವೂ, ೨೦೨೪ನೆಯ ನವೆಂಬರು ೩೦ರಂದು ಪುದುಚೇರಿಯ ಬಳಿ ದಡಕ್ಕೆ ಬಂದ ಫೆಂಗಲ್ ಎಂಬುದೂ ಹೀಗೆಯೇ ನಮ್ಮ ಕಡೆಯ ಆಕಾಶವನ್ನು ದಿನಗಟ್ಟಲೆ ಮುಚ್ಚಿದುವು. ಎರಡನೆಯದು ಬಂದಾಗ ನಮ್ಮ ಮಳೆನಕ್ಷತ್ರಗಳ ಲೆಕ್ಕದಲ್ಲಿ ಅನೂರಾಧೆಯು ಮುಗಿದು ಜ್ಯೇಷ್ಠೆಯು ಹುಟ್ಟುವ ಸಂಧಿಕಾಲ. ಅರೇಬಿಕಾ ಕಾಫಿಯ ಹಣ್ಣು ಕೆಂಪೇರಿ ಕೊಯ್ಲು ನಡೆಯುವುದೂ, ಕೊಯ್ದ ಹಣ್ಣನ್ನು ಕಣದಲ್ಲಿ ಹರಡುವುದೂ, ಆಲೂರಿನ ಕಡೆಯ ಗದ್ದೆಗಳಲ್ಲಿ ಭತ್ತವು ಕಟಾವಾಗಿ ಮೆದೆಗೆ ಕಾಯುವುದೂ ಆ ದಿನಗಳಲ್ಲಿಯೇ. ಮಳೆಗೆ ಸಿಕ್ಕಿದ ಹಣ್ಣು ಗಿಡದಲ್ಲಿಯೇ ಒಡೆದು ಉದುರುವುದು. ಕಣದಲ್ಲಿದ್ದುದು ಬೂಸಲು ಹಿಡಿಯುವುದು.

ಅದರೊಡನೆ ಬರುವ ಚಳಿಯೂ ಎರಡು ಬಗೆಯಾಗಿದೆ. ಮೋಡ ಕವಿದಿರುವವರೆಗೆ ಹಗಲಿನಲ್ಲಿ ಬಿಸಿಲೇರದೆ, ಮಧ್ಯಾಹ್ನವೂ ಮುಂಜಾವಿನಂತೆಯೇ ಇರುವುದು. ಇದು ಹಗಲಿನ ಚಳಿ. ಮೋಡ ಸರಿದ ಮೇಲೆ, ನೆಲವು ಹಗಲಿನಲ್ಲಿ ಪಡೆದ ಕಾವನ್ನು ತಡೆಯಿಲ್ಲದೆ ಆಕಾಶಕ್ಕೆ ಬಿಟ್ಟುಕೊಡುವುದರಿಂದ ರಾತ್ರಿಯು ಇನ್ನಷ್ಟು ತಣ್ಣಗಾಗುವುದು. ತಣಿದ ಗಾಳಿಯು ಭಾರವಾದುದರಿಂದ ಗುಡ್ಡದ ಮೈಯಿಂದ ಇಳಿದು ಹೇಮಾವತಿಯ ಕಣಿವೆಯಲ್ಲಿ ಮಂಜಾಗಿ ನಿಲ್ಲುವುದು. ಇದು ಇರುಳಿನ ಚಳಿ. ಮೊದಲನೆಯದರಲ್ಲಿ ಒದ್ದೆಯಾದ ಬಟ್ಟೆಯು ಎರಡನೆಯದು ಬರುವ ವೇಳೆಗೂ ಒಣಗಿರುವುದಿಲ್ಲವೆಂಬುದೇ ಬಡವರ ಮನೆಯ ಕಷ್ಟ.

ಈ ಎಲ್ಲ ಸಂಗತಿಗಳೂ ಈಗ ಎರಡು ಮೂರು ದಿನಗಳ ಮೊದಲೇ ನಮಗೆ ತಿಳಿಯುತ್ತಿವೆ. ಕಲ್ಕತ್ತೆಯನ್ನು ಹಾಳುಗೆಡವಿದ ೧೮೬೪ನೆಯ ಚಂಡಮಾರುತದ ಅನುಭವವೂ, ಅನಂತರದ ಕ್ಷಾಮಗಳೂ ಕಾರಣವಾಗಿ ೧೮೭೫ರಲ್ಲಿ ಭಾರತದ ಹವಾಮಾನ ಇಲಾಖೆಯು ಸ್ಥಾಪಿತವಾಯಿತು. ಇಂದು ಅದು ಜಿಲ್ಲೆ ಜಿಲ್ಲೆಗೂ ಹಸುರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಿಂದ ಅಪಾಯದ ತರತಮವನ್ನು ಸೂಚಿಸುತ್ತಿರುವುದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ವರುಣಮಿತ್ರವೆಂಬ ಹೆಸರಿನಿಂದ, ಕೇಳಿದ ರೈತನಿಗೆ ದೂರವಾಣಿಯಲ್ಲಿಯೇ ಮಳೆಯ ವಿಚಾರವನ್ನು ಹೇಳುವ ಏರ್ಪಾಟನ್ನು ಮಾಡಿದೆ. ರಾಜರೂ ಕೇಳಿರದಿದ್ದ ಭವಿಷ್ಯವು ಇಂದು ತೋಟದ ಮೇಸ್ತ್ರಿಯ ಮೊಬೈಲಿನಲ್ಲಿರುವುದು.

ಇಲ್ಲಿ ಮೊದಲನೆಯ ಪೂರ್ವಪಕ್ಷವು ಏಳುವುದು. ಹವಾಮಾನದ ಮಾತು ಎಷ್ಟೋ ಸಲ ಸುಳ್ಳಾಗುವುದು. ಸುಳ್ಳಾಗಬಹುದಾದುದು ಜ್ಞಾನವೇ ಅಲ್ಲ. ಜ್ಞಾನವಲ್ಲದ ಮೇಲೆ ಅದರಿಂದ ಯಾರಿಗೂ ಯಾವ ಹೊಣೆಯೂ ಇಲ್ಲ ಎಂದು ಇವರ ವಾದ. ಇದು ಹೊಸ ಆಕ್ಷೇಪವೇನೂ ಅಲ್ಲ. ಎದ್ದ ಮೋಡವನ್ನು ಕಂಡು ಮಳೆ ಬರುವುದೆಂದೂ, ತುಂಬಿದ ಹೊಳೆಯನ್ನು ಕಂಡು ಮೇಲೆ ಮಳೆಯಾಯಿತೆಂದೂ ಊಹಿಸುವುದನ್ನೇ ನಮ್ಮ ನೈಯಾಯಿಕರು ಅನುಮಾನಕ್ಕೆ ಉದಾಹರಣೆಯಾಗಿ ಕೊಟ್ಟರು. ಮೂಡಿಗೆರೆಯ ಕಡೆ ಮಳೆ ಹೊಯ್ದುದನ್ನು ಸಕಲೇಶಪುರದ ಸೇತುವೆಯ ಮೇಲೆ ನಿಂತು ಹೇಮಾವತಿಯ ಕೆನ್ನೀರಿನಿಂದ ತಿಳಿಯುವ ನಮ್ಮ ಜನರು ಸೂತ್ರವನ್ನೋದದೆಯೇ ಆ ಶಾಸ್ತ್ರವನ್ನು ಬಲ್ಲರು. ಅಲ್ಲಿಯೇ ಆಕ್ಷೇಪಕನೊಬ್ಬನು ಕೇಳುವನು: ಕಟ್ಟೆಯಿಂದ ತಡೆದರೂ ಹೊಳೆ ತುಂಬುವುದು, ಗೂಡು ಕೆಟ್ಟರೂ ಇರುವೆಗಳು ಮೊಟ್ಟೆಯನ್ನು ಹೊತ್ತು ಸಾಗುವುವು, ಮನುಷ್ಯನೂ ನವಿಲಿನಂತೆ ಕೂಗಬಲ್ಲನು, ಆದುದರಿಂದ ಅನುಮಾನವು ಪ್ರಮಾಣವೇ ಅಲ್ಲ, ಎಂದು. ಇದಕ್ಕೆ ಶಾಸ್ತ್ರಕಾರರ ಉತ್ತರವು ಬಹು ನೇರವಾದುದು. ಕಟ್ಟೆಯಿಂದ ತಡೆದ ನೀರು ಬೇರೆ, ಮಳೆಯ ಪ್ರವಾಹ ಬೇರೆ; ಭೇದವನ್ನು ಗುರುತಿಸದಿದ್ದುದು ನೋಡಿದವನ ದೋಷವೇ ಹೊರತು ಅನುಮಾನದ ದೋಷವಲ್ಲ.

ಇದಕ್ಕೆ ನಾನು ಸೇರಿಸುವುದು ಇಷ್ಟೆ. ಮುನ್ಸೂಚಕನು ‘ಬಹುತೇಕ ಕಡೆಗಳಲ್ಲಿ’, ‘ಅಲ್ಲಲ್ಲಿ’, ‘ಒಂದೆರಡು ಕಡೆ’ ಎಂದು ಅಳೆದು ಹೇಳುವನು. ಅವನು ಹೇಳಿದುದು ಸಂಭವವನ್ನು, ಪ್ರತಿಜ್ಞೆಯನ್ನಲ್ಲ. ತನಗೆ ತಿಳಿದಷ್ಟನ್ನೂ, ತಿಳಿವಿನ ಮಿತಿಯನ್ನೂ ಕೂಡಿಯೇ ಹೇಳಿದವನು, ಮಳೆಯು ಬಾರದಿದ್ದ ಮಾತ್ರಕ್ಕೆ ಸುಳ್ಳುಗಾರನಾಗನು. ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಮೇಘಗಳ ಗರ್ಭಲಕ್ಷಣವನ್ನು ಹೇಳಿ, ಗರ್ಭ ನಿಂತ ೧೯೫ ದಿನಗಳಿಗೆ ಪ್ರಸವವೆಂದು ಎಣಿಸಿದನು. ಆ ಗಣಿತವು ಇಂದು ನಿಲ್ಲದೆ ಹೋದರೂ, ಹಗಲಿರುಳು ಆಕಾಶವನ್ನು ನೋಡಿದ ಅವನ ಪ್ರಾಮಾಣಿಕತೆಗೆ ಕುಂದಿಲ್ಲ. ಇಂಗ್ಲೆಂಡಿನಲ್ಲಿ ಫಿಟ್ಸ್‌ರಾಯ್ ಎಂಬ ನೌಕಾಧಿಕಾರಿಯು ೧೮೬೧ರಲ್ಲಿ ಮೊದಲ ಬಾರಿಗೆ ಹವೆಯ ಮುನ್ಸೂಚನೆಗಳನ್ನು ವೃತ್ತಪತ್ರಿಕೆಯಲ್ಲಿ ಪ್ರಕಟಿಸಿ, ತಪ್ಪಿದಾಗಲೆಲ್ಲ ಪರಿಹಾಸಕ್ಕೆ ಗುರಿಯಾದನು. ೧೮೬೫ರಲ್ಲಿ ಅವನು ತೀರಿಕೊಂಡ ಬಳಿಕ, ಮರುವರ್ಷ ಬಿರುಗಾಳಿಯ ಎಚ್ಚರಿಕೆಗಳನ್ನು ನಿಲ್ಲಿಸಲಾಯಿತು. ಆದರೆ ಕಡಲಿಗಿಳಿಯುವ ಜನರ ಒತ್ತಾಯದಿಂದ ೧೮೬೭ರಲ್ಲಿಯೇ ಅವು ಮತ್ತೆ ಮೊದಲಾದುವು. ದಡದಲ್ಲಿ ಕುಳಿತು ನಕ್ಕವರಿಗೆ ಬೇಡವಾದುದು ದೋಣಿಯಲ್ಲಿದ್ದವರಿಗೆ ಬೇಕಾಯಿತು.

ಸೂಚನೆಯು ಜ್ಞಾನವೇ ಎಂದು ಒಪ್ಪಿದ ಮೇಲೆ ಅದು ಯಾರದು ಎಂಬ ಪ್ರಶ್ನೆಯು ಬರುವುದು. ಇಲ್ಲಿ ಭಾರತದ ಒಂದು ಕಥೆಯನ್ನು ನೆನೆಯಬೇಕು. ವಾರಣಾವತಕ್ಕೆ ಹೊರಟ ಪಾಂಡವರಿಗೆ ಅರಗಿನ ಮನೆಯಲ್ಲಿ ಬೆಂಕಿಯ ಭಯವಿದೆಯೆಂದು ವಿದುರನಿಗೆ ಮುಂಚಿತವಾಗಿ ತಿಳಿದಿತ್ತು. ಅವನು ಹೊತ್ತು ಮೀರುವ ಮೊದಲೇ ಹೇಳಿದನು. ಧರ್ಮರಾಯನಿಗೆ ಮಾತ್ರ ಅರ್ಥವಾಗುವ ನುಡಿಯಲ್ಲಿ ಹೇಳಿದನು. ಹೇಳಿ ಸುಮ್ಮನಾಗದೆ, ಸುರಂಗವನ್ನು ತೋಡುವುದಕ್ಕೆ ನಿಪುಣನಾದ ಒಬ್ಬನನ್ನೂ ಕಳುಹಿಸಿದನು. ಎಚ್ಚರಿಕೆಯೆಂದರೆ ಬರಿಯ ಮಾತಲ್ಲ, ಪಾರಾಗುವ ದಾರಿಯೂ ಅದರ ಅಂಗವೇ ಎಂಬುದನ್ನು ವಿದುರನಿಂದ ಕಲಿಯಬೇಕು. ಆದರೆ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಆ ರಾತ್ರಿ ಊಟಕ್ಕೆಂದು ಬಂದ ಬೇಡತಿಯೊಬ್ಬಳು ತನ್ನ ಐವರು ಮಕ್ಕಳೊಡನೆ ಆ ಮನೆಯಲ್ಲಿಯೇ ಮಲಗಿದ್ದಳು. ಮನೆಗೆ ಬೆಂಕಿ ಬಿತ್ತು, ಬಲ್ಲವರು ಸುರಂಗದಿಂದ ಪಾರಾದರು, ಅರಿಯದವರು ಸುಟ್ಟುಹೋದರು. ಆ ಹೆಣಗಳನ್ನು ಕಂಡೇ ಪಾಂಡವರು ಸತ್ತರೆಂದು ಲೋಕವು ನಂಬಿತು. ಆ ತಾಯಿಯ ಹೆಸರನ್ನು ಕೂಡ ಕಥೆಯು ನಮಗೆ ಹೇಳುವುದಿಲ್ಲ. ಪಾಂಡವರ ಪಾರಾಣಿಕೆಯನ್ನು ಓದಿ ಹರ್ಷಪಡುವ ನಾವು ಈ ಆರು ಜನರ ಬಳಿ ಒಂದು ಕ್ಷಣ ನಿಂತು ಹೋಗಬೇಕಲ್ಲವೆ?

ಇದು ದೂರದ ಕಥೆಯಲ್ಲ. ಹೆತ್ತೂರು, ಯಸಳೂರು, ಹಾನಬಾಳು, ಕೆಂಚಮ್ಮನ ಹೊಸಕೋಟೆಗಳ ಕಡೆಯ ತೋಟಗಳಲ್ಲಿ ಕೊಯ್ಲಿನ ಕಾಲಕ್ಕೆ ಉತ್ತರ ಕರ್ನಾಟಕದಿಂದಲೂ, ತಮಿಳು ಸೀಮೆಯಿಂದಲೂ, ಈಚೆಗೆ ದೂರದ ಅಸ್ಸಾಮಿನಿಂದಲೂ ಬಂದ ಕೆಲಸಗಾರರು ಲೈನುಮನೆಗಳಲ್ಲಿ ಇರುವರು. ಎಚ್ಚರಿಕೆಯು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುವುದು. ವಿದುರನ ಗೂಢಭಾಷೆಯಂತೆ ಅದು ಅಸ್ಸಾಮಿನವನ ಕಿವಿಗೆ ಬಿದ್ದರೂ ಮನಸ್ಸಿಗೆ ಮುಟ್ಟದು. ಸೂಚನೆಯನ್ನು ಕಂಡೊಡನೆ ಕಣದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕೆಂಬ ಆಜ್ಞೆ ಹೊರಡುವುದು. ಹೊದಿಸುವವರು ಅವರೇ. ಹೊದಿಸಿ, ನೆನೆದು, ಒಲೆಯ ಸೌದೆಯೂ ನೆನೆದಿರುವ ಮನೆಗೆ ಅವರು ಮರಳುವರು. ಮರುದಿನ ಮಳೆ ನಿಲ್ಲದಿದ್ದರೆ ಕೆಲಸವಿಲ್ಲ. ಎಷ್ಟೋ ಕಡೆ ಕೆಲಸವಿಲ್ಲದ ದಿನಕ್ಕೆ ಕೂಲಿಯೂ ಇಲ್ಲ. ಇಂಥ ದಿನಗಳಲ್ಲಿ ಲೈನುಗಳ ಮಕ್ಕಳು ಹಿಂದಿನ ದಿನದ ಒದ್ದೆ ಅಂಗಿಯನ್ನೇ ತೊಟ್ಟು ತರಗತಿಯಲ್ಲಿ ಕೈಗಳನ್ನು ಕಂಕುಳಲ್ಲಿ ಅಡಗಿಸಿ ಕುಳಿತಿರುವುದನ್ನು ಉಪಾಧ್ಯಾಯನಾಗಿ ನಾನು ಅನೇಕ ವರ್ಷಗಳು ಕಂಡಿದ್ದೇನೆ.

ಎರಡನೆಯ ಪೂರ್ವಪಕ್ಷವು ತೋಟದೊಡೆಯನದು. ಮಳೆಯನ್ನು ತಂದವನು ನಾನಲ್ಲ, ನನಗೂ ನಷ್ಟವಾಗಿದೆ, ಎಲ್ಲರ ಚಳಿಗೂ ನಾನು ಹೇಗೆ ಹೊಣೆ? ಈ ಮಾತನ್ನು ತಿರಸ್ಕಾರದಿಂದ ತಳ್ಳಿಹಾಕಬಾರದು. ಒಂದು ಅಕಾಲದ ಮಳೆಯಿಂದ ವರ್ಷದ ಶ್ರಮವು ಹಾಳಾಗುವ ಸಣ್ಣ ಬೆಳೆಗಾರರು ನಮ್ಮಲ್ಲಿ ಬಹಳ ಮಂದಿ ಇರುವರು. ಮಳೆಗೆ ಅವನು ಕಾರಣನಲ್ಲವೆಂಬುದೂ ದಿಟ. ಆದರೆ ನಾವು ವಿಚಾರಿಸುತ್ತಿರುವುದು ಮಳೆಯ ಹೊಣೆಯನ್ನಲ್ಲ, ತಿಳಿವಿನ ಹೊಣೆಯನ್ನು. ಸೂಚನೆಯನ್ನು ನಂಬಿ ಅವನು ಕಾಫಿಯನ್ನು ಮುಚ್ಚಿಸಿದನು. ಕಾಫಿಯನ್ನು ಮುಚ್ಚುವುದಕ್ಕೆ ಸಾಕಾದ ಪ್ರಮಾಣವು ಕೂಸನ್ನು ಮುಚ್ಚುವುದಕ್ಕೆ ಸಾಲದೆ? ಒಂದೇ ತಿಳಿವನ್ನು ತನ್ನ ಸೊತ್ತಿನ ವಿಷಯದಲ್ಲಿ ನಿಶ್ಚಯವೆಂದೂ ಪರರ ಪ್ರಾಣದ ವಿಷಯದಲ್ಲಿ ಸಂದೇಹವೆಂದೂ ಎಣಿಸುವುದು ತರ್ಕಕ್ಕೂ ಸಲ್ಲದು, ಧರ್ಮಕ್ಕೂ ಸಲ್ಲದು. ಇನ್ನೂ ಒಂದು ವಿಶೇಷವುಂಟು. ಸೂಚನೆಯು ಹುಸಿಯಾದರೆ ಗುಡ್ಡೆ ಮಾಡಿ ಮುಚ್ಚಿದ ಹಸಿ ಹಣ್ಣು ಬೆವೆತು ಕೆಡಬಹುದು. ಕೊಟ್ಟ ಕಂಬಳಿಯಾದರೋ ಮಳೆ ಬಾರದಿದ್ದರೂ ಕೆಡುವುದಿಲ್ಲ. ಹಾಗಾದರೆ ಎಲ್ಲಿ ತಪ್ಪಿದರೂ ನಷ್ಟವಿಲ್ಲವೋ ಅಲ್ಲಿಯೇ ನಾವು ಮೊದಲು ಕೈನೀಡಬೇಕಲ್ಲವೆ?

ಸರ್ಕಾರದ ಲೆಕ್ಕದಲ್ಲಿ ನಮ್ಮಲ್ಲಿ ಶೀತಗಾಳಿಯೇ ಬೀಸುವುದಿಲ್ಲವೆಂದು ಕೆಲವರು ಹೇಳಬಹುದು. ಬಯಲಿನಲ್ಲಿ ಕನಿಷ್ಠ ಉಷ್ಣತೆಯು ೧೦ ಡಿಗ್ರಿಗೂ, ಗುಡ್ಡಗಾಡಿನಲ್ಲಿ ಸೊನ್ನೆಗೂ ಇಳಿಯದೆ ಇಲಾಖೆಯು ಆ ಹೆಸರನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಇಡಿಯ ದೇಶಕ್ಕೆ ಒಂದು ಅಳತೆಗೋಲು ಬೇಕು, ಅದು ಸರಿಯೇ. ಆದರೆ ೩೭ ಡಿಗ್ರಿಯ ಮನುಷ್ಯದೇಹವು ೩೫ಕ್ಕೆ ಇಳಿದರೆ ಅಪಾಯವು ಆರಂಭವಾಯಿತೆಂದು ವೈದ್ಯಶಾಸ್ತ್ರವು ಹೇಳುವುದು. ಒದ್ದೆ ಬಟ್ಟೆಯೂ ಗಾಳಿಯೂ ಕೂಡಿದರೆ, ನೀರು ಹೆಪ್ಪುಗಟ್ಟದ ಚಳಿಯಲ್ಲಿಯೂ ಮುದುಕರಿಗೂ ಎಳೆಯ ಕೂಸುಗಳಿಗೂ ಹಾಗಾಗಬಹುದು. ಅಳತೆಗೋಲು ಆಕಾಶವನ್ನು ಅಳೆಯುವುದು. ಒಳಗಿನವನ ಮೈಯನ್ನು ನೋಡುವ ಕೆಲಸವು ನೆರೆಯವನದೇ.

ಮೂರನೆಯದು ವೇದಾಂತಿಗಳಿಂದ ಬರುವ ಆಕ್ಷೇಪ: ಶೀತೋಷ್ಣಗಳು ಬಂದುಹೋಗತಕ್ಕವು, ಅವನ್ನು ಸಹಿಸಬೇಕೆಂದು ಗೀತೆಯೇ ಬೋಧಿಸುವುದಲ್ಲ? ಬೋಧಿಸುವುದು, ನಿಜ. ಆದರೆ ತಿತಿಕ್ಷೆಯೆಂಬುದು ಸಾಧಕನ ಗುಣ; ತನ್ನ ಚಳಿಯ ವಿಷಯದಲ್ಲಿ ಅದನ್ನು ಅಭ್ಯಾಸಮಾಡಬೇಕು. ತಾನು ಬೆಚ್ಚಗೆ ಕುಳಿತು ಇನ್ನೊಬ್ಬನ ಚಳಿಯನ್ನು ಸಹಿಸಿಕೊಳ್ಳುವುದಕ್ಕೆ ತಿತಿಕ್ಷೆಯೆಂಬ ಹೆಸರು ಸಲ್ಲದು, ಅದು ನಿರ್ದಯೆ.

ತಿಳಿವು ಹೊಣೆಯಾಗಿ ಮಾರ್ಪಟ್ಟಾಗ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ದೃಷ್ಟಾಂತವಿದೆ. ೧೯೯೯ನೆಯ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಬಡಿದ ಮಹಾಚಂಡಮಾರುತದಲ್ಲಿ ಸುಮಾರು ೧೦,೦೦೦ ಜನ ಮಡಿದರು. ೨೦೧೩ನೆಯ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಪ್ರಚಂಡವಾದ ಮಾರುತವು ಅದೇ ಒಡಿಶಾದ ಕರಾವಳಿಗೆ ಬಂದಾಗ, ಮುಂಚಿತವಾಗಿಯೇ ಸುಮಾರು ೧೦ ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿದ್ದರಿಂದ ಸತ್ತವರ ಸಂಖ್ಯೆಯು ೫೦ನ್ನು ಮೀರಲಿಲ್ಲ. ಗಾಳಿಯು ಮೃದುವಾಗಿರಲಿಲ್ಲ, ಮನುಷ್ಯರು ಎಚ್ಚತ್ತಿದ್ದರು. ಇದಕ್ಕೆ ಪ್ರತಿಯಾಗಿ ೨೦೧೭ರ ಓಖಿ ಚಂಡಮಾರುತದಲ್ಲಿ, ಎಚ್ಚರಿಕೆಯು ತಲಪುವ ಮುನ್ನವೇ ಆಳಗಡಲಿಗೆ ಹೋಗಿದ್ದ ಕನ್ಯಾಕುಮಾರಿ ಮತ್ತು ಕೇರಳಗಳ ಬೆಸ್ತರು ನೂರಾರು ಮಂದಿ ಮರಳಲಿಲ್ಲ. ತಲಪದ ತಿಳಿವು ಇದ್ದೂ ಇಲ್ಲದಂತೆಯೇ.

ಮನುಷ್ಯನು ಹುಟ್ಟುವಾಗಲೇ ಋಣಿಯಾಗಿ ಹುಟ್ಟುವನೆಂದು ನಮ್ಮ ಹಿರಿಯರ ಮತ. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಎಲ್ಲರೂ ಬಲ್ಲರು. ಶತಪಥಬ್ರಾಹ್ಮಣವು ಇವುಗಳೊಡನೆ ಮನುಷ್ಯಋಣವೆಂಬ ನಾಲ್ಕನೆಯದನ್ನೂ ಎಣಿಸುವುದು. ಹವೆಯ ಮುನ್ನರಿವು ಜ್ಞಾನವಾದುದರಿಂದ, ಆಕಾಶವನ್ನು ನೋಡಿ ಲೆಕ್ಕವಿಟ್ಟ ಹಿಂದಿನವರೆಲ್ಲರಿಂದ ನಾವು ಪಡೆದ ಋಷಿಋಣವು ಅದು. ತೀರಿಸತಕ್ಕದ್ದಾದರೋ ಪಕ್ಕದ ಮನುಷ್ಯನಿಗೆ. ಅದನ್ನು ತೀರಿಸುವುದಕ್ಕೆ ದೊಡ್ಡ ಯಾಗವೇನೂ ಬೇಕಿಲ್ಲ. ಸೂಚನೆ ಬಂದ ಸಂಜೆ ಲೈನಿನವರೆಗೆ ಒಬ್ಬನನ್ನು ಕಳುಹಿಸಿ ಅವರ ಭಾಷೆ ಬಲ್ಲವನಿಂದ ಹೇಳಿಸಬೇಕು. ಕಣಕ್ಕೆ ಟಾರ್ಪಾಲು ತೆಗೆಯುವಾಗ ಸೋರುವ ಮಾಡಿಗೂ ಒಂದನ್ನು ತೆಗೆದಿಡಬೇಕು. ಒಣ ಸೌದೆಯನ್ನು ಮೊದಲೇ ಒಳಗಿರಿಸಬೇಕು. ಕಂಬಳಿಯಿಲ್ಲದ ಮನೆ ಯಾವುದೆಂದು ವಿಚಾರಿಸಬೇಕು. ಮಳೆಯಿಂದ ನಿಂತ ದಿನದ ಕೂಲಿಯಲ್ಲಿ ಒಂದು ಭಾಗವನ್ನಾದರೂ ಕೊಡುವ ವಾಡಿಕೆಯನ್ನು ಹಾಕಬೇಕು. ಪಟ್ಟಣದ ಮನೆಗಳಲ್ಲಿ ಇರುವವರಿಗೂ ಇದರಲ್ಲಿ ಪಾಲುಂಟು. ಒಂಟಿಯಾಗಿರುವ ಮುದುಕರು ಪ್ರತಿಯೊಂದು ಬೀದಿಯಲ್ಲಿಯೂ ಇರುವರು.

ಮುಂದಿನ ಮಾರ್ಗಶಿರವೂ ಬರುವುದು. ಬಂಗಾಳ ಕೊಲ್ಲಿಯು ಬರಿದಾಗಿರುವುದಿಲ್ಲ. ಆಗ ಮೊಬೈಲಿನಲ್ಲಿ ಹಳದಿಯೋ ಕಿತ್ತಳೆಯೋ ಬಣ್ಣವನ್ನು ಕಂಡ ವಾಚಕ ಮಹಾಶಯರು, ತಮ್ಮ ಕಣವನ್ನು ನೋಡುವ ಮೊದಲೋ ನೋಡಿದ ಮೇಲೋ, ಈ ಸುದ್ದಿಯು ಇನ್ನಾರಿಗೆ ತಿಳಿದಿಲ್ಲವೆಂದು ಒಂದು ಸಲ ತಮ್ಮನ್ನು ತಾವೇ ಕೇಳಿಕೊಂಡರೆ ನಾನು ಬರೆದುದು ಸಾರ್ಥಕವಾಯಿತೆಂದು ಭಾವಿಸುವೆನು.