ಗುಟ್ಟು ಕಾಪಾಡುವುದು ಯಾವಾಗಲೂ ನಂಬಿಗಸ್ತಿಕೆಯೋ?

ಇವತ್ತು ಒಂದು ಸಿನಿಮಾದ ವಿಷಯ ಎತ್ತುತ್ತೇನೆ, ದಯವಿಟ್ಟು ಮುಖ ಸಿಂಡರಿಸಬೇಡಿರಿ. 1993ರಲ್ಲಿ ಸಿಡ್ನಿ ಪೊಲಾಕ್ ನಿರ್ದೇಶಿಸಿದ 'ದಿ ಫರ್ಮ್'. ಜಾನ್ ಗ್ರಿಶಮ್ ಬರೆದ ಕಾದಂಬರಿಯಿಂದ ಬಂದದ್ದು; ಆತನೂ ಮೊದಲು ವಕೀಲನೇ.

ಮಿಚ್ ಮೆಕ್‌ಡೀರ್ ಬಡತನದಿಂದ ಮೇಲೆ ಬಂದು ಹಾರ್ವರ್ಡ್‌ನಲ್ಲಿ ಲಾ ಓದಿದ ಹುಡುಗ. ಮೆಂಫಿಸ್ ಪಟ್ಟಣದ ಒಂದು ವಕೀಲರ ಸಂಸ್ಥೆ ಅವನಿಗೆ ದೊಡ್ಡ ಸಂಬಳ, ಮನೆ, ಮರ್ಸಿಡಿಸ್ ಕಾರು ಎಲ್ಲಾ ಕೊಡುತ್ತದೆ, ಓದಿನ ಸಾಲವನ್ನೂ ತೀರಿಸುತ್ತದೆ. ಆಮೇಲೆ ಗೊತ್ತಾಗುತ್ತೆ, ಇವರು ಶಿಕಾಗೋ ಮಾಫಿಯಾದ ಕಪ್ಪು ಹಣ ಬಿಳಿ ಮಾಡುವವರು, ಬಿಟ್ಟು ಹೋಗಲು ನೋಡಿದ ವಕೀಲರು ಹೆಣವಾಗಿದ್ದಾರೆ ಅಂತ.

ಎಫ್‌ಬಿಐ ಬಂದು ಫೈಲು ಕೊಡು ಅನ್ನುತ್ತೆ. ಕೊಟ್ಟರೆ ಕಕ್ಷಿದಾರರ ಗುಟ್ಟು ಒಡೆದ ಹಾಗೆ, ವಕೀಲಿಕೆಯೇ ಹೋಯಿತು. ಕೊಡದಿದ್ದರೆ ಜೈಲು. ಮಿಚ್ ಹುಡುಕಿದ ದಾರಿ ಸಣ್ಣದು: ಸಂಸ್ಥೆಯವರು ದುಡಿಯದ ಗಂಟೆಗಳಿಗೂ ಬಿಲ್ ಬರೆದು ಅಂಚೆಯಲ್ಲಿ ಕಳಿಸಿದ್ದರು. ಅಮೆರಿಕದಲ್ಲಿ ಅಂಚೆಯ ಮೂಲಕ ಮೋಸ ಕೇಂದ್ರ ಸರ್ಕಾರದ ಕಾನೂನಿನ ಅಪರಾಧ. ಮಾಫಿಯಾದವರ ಒಪ್ಪಿಗೆಯನ್ನೇ ಪಡೆದು ಅವರ ಬಿಲ್ಲುಗಳನ್ನು ಒಪ್ಪಿಸುತ್ತಾನೆ. ಉಳಿದ ಗುಟ್ಟು ಗುಟ್ಟಾಗೇ ಇರುತ್ತೆ.

ಜಾಣತನ, ಒಪ್ಪುತ್ತೇನೆ. ಆದರೆ ನನಗೆ ಸಮಾಧಾನವಿಲ್ಲ. ಆ ಗುಟ್ಟು ಅವನ ಪ್ರಾಣಕ್ಕೂ ಇನ್ಶೂರೆನ್ಸ್ ಆಯಿತಲ್ಲ? ಹೆರೋದನೂ ಆಣೆಗೆ ತಪ್ಪಲಿಲ್ಲ, ಯೋಹಾನನ ತಲೆ ತಟ್ಟೆಗೆ ಬಂತು. ಅಮೆರಿಕದ ನ್ಯಾಯಾಲಯಗಳೇ ಒಂದು ವಿನಾಯಿತಿ ಇಟ್ಟಿವೆ: ಅಪರಾಧ ನಡೆಸುವುದಕ್ಕೇ ವಕೀಲನ ಸಲಹೆ ಪಡೆದ ಕಕ್ಷಿದಾರನಿಗೆ ಆ ಮಾತುಕತೆಯ ಮೇಲೆ ಗುಟ್ಟಿನ ರಕ್ಷಣೆ ಸಿಗದು. ಸಿನಿಮಾ ಅದನ್ನು ದಾಟಿಹೋಗುತ್ತೆ.

ಹಾಗಂತ ಪ್ರತಿಯೊಬ್ಬ ವಕೀಲನೂ ಯಾರ ಗುಟ್ಟಿಗೆ ಬೆಲೆ ಇದೆ, ಯಾರದ್ದಕ್ಕೆ ಇಲ್ಲ ಅಂತ ತಾನೇ ತೂಗಲು ಕೂತರೆ, ನಿರಪರಾಧಿ ಕೂಡ ಬಾಯಿ ಬಿಡಲು ಹೆದರ್ತಾನೆ. ಅದೂ ನಿಜವೇ. ನನ್ನ ಹತ್ತಿರವೂ ಜನ ಬಂದು ಬಾಗಿಲು ಹಾಕಿ ಅಳ್ತಾರೆ, ಯಾರಿಗೂ ಹೇಳಬೇಡಿ ಪಾಸ್ಟರ್ ಅಂತಾರೆ. ಅದಕ್ಕೇ ಕೂರುವ ಮುಂಚೆಯೇ ಹೇಳಿಬಿಡ್ತೇನೆ: ನಿಮ್ಮ ಪಾಪ, ನಿಮ್ಮ ಸಾಲ, ನಿಮ್ಮ ನಾಚಿಕೆ ನನ್ನಲ್ಲೇ ಸಾಯುತ್ತೆ, ಆದರೆ ಒಂದು ಮಗುವಿಗೆ ಈಗಲೂ ಕೇಡಾಗುತ್ತಿದ್ದರೆ ನಾನು ಸುಮ್ಮನಿರಲ್ಲ.

ಇದನ್ನು ಕೇಳಿ ಒಬ್ಬರು ಕೂರದೆ ಹಾಗೇ ಹೊರಟುಹೋದರು. ಏನು ಹೇಳಬೇಕೆಂದು ಬಂದಿದ್ದರೋ, ಇವತ್ತಿಗೂ ನನಗೆ ತಿಳಿಯದು.