ಘಟನೆಯೂ ಒಂದು ವಸ್ತುವೇ?

ಕಂಪ್ಯೂಟರಿನೊಳಗೆ ಒಂದು ಸಣ್ಣ ಸಮಾಜ ಕಟ್ಟಿ, ಅದರ ಸದಸ್ಯರನ್ನು, ಅಂದರೆ ಏಜೆಂಟುಗಳನ್ನು, ಅವರವರ ನಿಯಮದಂತೆ ನಡೆಯಲು ಬಿಡುವುದೇ ಏಜೆಂಟ್ ಆಧಾರಿತ ಸಿಮ್ಯುಲೇಷನ್. ಕಟ್ಟುವ ಮೊದಲೇ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ ಎದುರಾಗುತ್ತದೆ: ಆ ಲೋಕದಲ್ಲಿ ಇರುವುದು ಏನೇನು? ಇದಕ್ಕೆ ಕೊಡುವ ಉತ್ತರವೇ ಅದರ ಆಂಟಾಲಜಿ.

ಏಜೆಂಟನ್ನು ಗುರುತಿಸುವುದು ಸುಲಭ, ತೊಡಕಿರುವುದು ಪರಿಸರದಲ್ಲಿ. ಸಂಶೋಧಕರಾದ ಜೋಶುವಾ ಎಪ್‌ಸ್ಟೀನ್ ಮತ್ತು ರಾಬರ್ಟ್ ಆಕ್ಸ್‌ಟೆಲ್ 1996ರ ತಮ್ಮ ಪುಸ್ತಕದಲ್ಲಿ ವಿವರಿಸಿದ ‘ಶುಗರ್‌ಸ್ಕೇಪ್’ ಮಾದರಿಯಲ್ಲಿ 50 ಅಡ್ಡಸಾಲು, 50 ಕಂಬಸಾಲುಗಳ ಚೌಕಳಿ ನೆಲವಿದೆ. ಏಜೆಂಟುಗಳು ಸಕ್ಕರೆ ಹುಡುಕಿ ತಿನ್ನುತ್ತವೆ. ತಿಂದ ಜಾಗದಲ್ಲಿ ಅದು ಮತ್ತೆ ಬೆಳೆಯುತ್ತದೆ. ನೆಲಕ್ಕೂ ತನ್ನದೇ ನಿಯಮವಿದ್ದ ಮೇಲೆ ಅದನ್ನು ಬರೀ ಹಿನ್ನೆಲೆ ಎನ್ನಲಾಗದು. ಹಾಗೆಂದು ಅದಕ್ಕೆ ಹಸಿವಿಲ್ಲ, ಗುರಿಯಿಲ್ಲ. ಅದು ಏಜೆಂಟೂ ಅಲ್ಲ.

ಘಟನೆಯ ವಿಚಾರ ಇನ್ನೂ ಆಳವಾದದ್ದು. ಕಣಾದರ ವೈಶೇಷಿಕ ದರ್ಶನ ಚಲನೆಯನ್ನು ‘ಕರ್ಮ’ ಎಂಬ ಪ್ರತ್ಯೇಕ ಪದಾರ್ಥವಾಗಿ, ಅಂದರೆ ಇರುವಿಕೆಯ ಒಂದು ವರ್ಗವಾಗಿ, ಎಣಿಸಿತು. ಆದರೆ ದ್ರವ್ಯದ ಆಶ್ರಯವಿಲ್ಲದೆ ಅದು ಇರಲಾರದು ಎಂದಿತು. ಎರಡು ವಸ್ತುಗಳ ಸಂಯೋಗವನ್ನಂತೂ ಗುಣಗಳ ಸಾಲಿಗೆ ಸೇರಿಸಿತು. ಬೌದ್ಧರ ಕ್ಷಣಿಕವಾದ ಇದನ್ನು ಬುಡಮೇಲು ಮಾಡುತ್ತದೆ: ಸ್ಥಿರ ದ್ರವ್ಯವೇ ಇಲ್ಲ, ಇರುವುದು ಕ್ಷಣಗಳ ಸಂತಾನ, ಅಂದರೆ ಸರಣಿ, ಮಾತ್ರ. ಅಮೆರಿಕದ ತತ್ತ್ವಜ್ಞ ಡೊನಾಲ್ಡ್ ಡೇವಿಡ್‌ಸನ್ 1967ರ ಪ್ರಬಂಧವೊಂದರಲ್ಲಿ ಘಟನೆಗಳನ್ನೂ ಬಿಡಿಬಿಡಿ ಅಸ್ತಿತ್ವಗಳೆಂದು ಒಪ್ಪಬೇಕೆಂದು ವಾದಿಸಿದರು.

ಘಟನೆಯನ್ನು ವಸ್ತುಗಳ ಬದಲಾವಣೆ ಎನ್ನಬೇಕೋ, ಬಿಡಿ ಅಸ್ತಿತ್ವ ಎನ್ನಬೇಕೋ ಎಂಬ ಆಯ್ಕೆ ಸಿಮ್ಯುಲೇಷನ್ ಪ್ರೋಗ್ರಾಮಿನಲ್ಲಿ ನೇರವಾಗಿ ಕಾಣುತ್ತದೆ. ಪ್ರವಾಹವನ್ನು ಪ್ರತಿ ಚೌಕದ ನೀರಿನ ಮಟ್ಟದ ಏರಿಳಿತವಾಗಿ ಮಾತ್ರ ಬರೆದರೆ, ‘ಹೋದ ವರ್ಷದ ಆ ಪ್ರವಾಹ’ ಎಂದು ನೆನಪಿಡಲು ಏಜೆಂಟಿಗೆ ಏನೂ ಸಿಗದು. ಆರಂಭ, ಅಂತ್ಯ, ವ್ಯಾಪ್ತಿ ಮತ್ತು ಭಾಗಿಗಳಿರುವ ಘಟನೆಯಾಗಿ ದಾಖಲಿಸಿದರೆ, ಅದಕ್ಕೆ ಹೆದರಿ ಊರು ಬಿಡುವ ಕುಟುಂಬವನ್ನೂ ರೂಪಿಸಬಹುದು. ವೈಶೇಷಿಕರ ಎಚ್ಚರ ಆಗಲೂ ಬೇಕೇ ಬೇಕು: ಘಟನೆಯನ್ನು ಹೊತ್ತ ನೀರು, ನೆಲ, ಮನೆಗಳೂ ಅದೇ ದಾಖಲೆಯಲ್ಲಿರಬೇಕು.