ನಿರಪರಾಧಿಯು ಕ್ಷಮೆಯನ್ನು ಸ್ವೀಕರಿಸಬಹುದೆ?

ಕಳೆದ ಶ್ರಾವಣ ಮಾಸದ ಒಂದು ಸಂಜೆ ನಮ್ಮ ಊರಿನ ಹಿರಿಯ ಗೃಹಸ್ಥರೊಬ್ಬರು ನಮ್ಮ ಮನೆಗೆ ಬಂದರು. ಶರಣಾರ್ಥಿ ಹೇಳಿ ಕುಳಿತವರು ಬಹಳ ಹೊತ್ತು ಮಾತನಾಡಲಿಲ್ಲ. ಅವರು ಒಂದು ಸಹಕಾರಿ ಸಂಘದಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವರು. ಸಂಘದ ಹಣದಲ್ಲಿ ಕೊರತೆ ಕಂಡುಬಂದು, ಮೊಕದ್ದಮೆ ನಡೆದು, ನಂಬಿಕೆದ್ರೋಹದ ಅಪರಾಧಕ್ಕಾಗಿ ಅವರಿಗೆ ಒಂದು ವರ್ಷದ ಸೆರೆವಾಸವೂ ದಂಡವೂ ವಿಧಿಸಲ್ಪಟ್ಟಿದ್ದುವು. ಅಪೀಲು ಮಾಡಿಕೊಳ್ಳುವುದಕ್ಕೆಂದು ಜಾಮೀನಿನ ಮೇಲೆ ಹೊರಗೆ ಬಂದಿದ್ದರು.

“ಮಾಸ್ತರೇ, ನಾನು ಒಂದು ಪೈಸೆಯನ್ನೂ ಮುಟ್ಟಿದವನಲ್ಲ. ಆದರೆ ವಕೀಲರು ಬೇರೊಂದು ದಾರಿ ಹೇಳುತ್ತಾರೆ. ಅಪರಾಧ ಮಾಡಿದೆನೋ ಇಲ್ಲವೋ ಎಂಬ ಗೊಡವೆಗೆ ಹೋಗುವುದು ಬೇಡವಂತೆ. ವಯಸ್ಸಾಗಿದೆ, ಮೊದಲ ತಪ್ಪು, ದಯೆ ತೋರಿಸಿರಿ ಎಂದು ಮೇಲಿನ ನ್ಯಾಯಾಲಯವನ್ನು ಬೇಡಿಕೊಂಡರೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡು ಬಿಟ್ಟಾರು ಎನ್ನುತ್ತಾರೆ. ಮನೆಯವರ ಮಾತೂ ಅದೇ. ನಾನೇನು ಮಾಡಲಿ?”

‘ಮೊದಲ ತಪ್ಪು’ ಎಂಬ ಆ ಎರಡು ಶಬ್ದಗಳನ್ನು ನುಡಿಯುವಾಗ ಅವರ ಧ್ವನಿ ನಡುಗಿತು. ಮಾಡದೇ ಇದ್ದ ತಪ್ಪು ಮೊದಲನೆಯದು ಹೇಗಾದೀತು?

ವಕೀಲರು ಹೇಳಿದುದು ಅಧರ್ಮದ ಮಾತೆಂದು ನಾನು ಹೇಳಲಾರೆ. ೧೯೫೮ರ ಪರಿವೀಕ್ಷಾ ಕಾನೂನು ಇಂತಹ ದಯೆಗೆಂದೇ ಹುಟ್ಟಿತು. ಎಷ್ಟೋ ಸಂಸಾರಗಳು ಅದರಿಂದ ಉಳಿದಿವೆ. ಆದರೂ ಅಂದು ಅವರಿಗೆ ನಾನು ತಕ್ಷಣ ಉತ್ತರ ಕೊಡಲಾರದೆ ಹೋದೆನು. ಆ ಮೇಲೆ ಯೋಚಿಸಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಂತಹ ಪ್ರಶ್ನೆಗೆ ಭಕ್ತರಾದವರ ಬಾಯಿಂದ ತಟ್ಟನೆ ಹೊರಡುವ ಉತ್ತರವೊಂದುಂಟು. ‘ನಿಮ್ಮ ಅಂತರಂಗವು ಶುದ್ಧವಾಗಿದ್ದರೆ ಸಾಕು, ಲೋಕವು ಏನೆಂದರೇನು? ಮನಸ್ಸಾಕ್ಷಿಗಿಂತ ದೊಡ್ಡ ನ್ಯಾಯಾಧೀಶನುಂಟೆ?’ ಎಂಬುದೇ ಆ ಉತ್ತರ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅಪವಾದವನ್ನು ಹೊರದವರು ಹೊತ್ತವರಿಗೆ ಹೇಳುವಾಗ ಈ ಮಾತು ಬಹಳ ಅಗ್ಗವಾಗಿಬಿಡುತ್ತದೆ. ಸರ್ವಸಂಗವನ್ನೂ ತೊರೆದು ಒಂಟಿಯಾಗಿ ನಡೆದ ವಿರಕ್ತನು ಹೀಗೆ ಹೇಳಿ ಸುಮ್ಮನಿರಬಹುದು. ಗೃಹಸ್ಥನ ಮೇಲೆ ಬಿದ್ದ ಕಳಂಕವಾದರೋ ಅವನೊಬ್ಬನ ಮೇಲೆಯೇ ನಿಲ್ಲುವುದಿಲ್ಲ. ಮಗಳನ್ನು ನೋಡಲು ಬಂದವರು ಫಲಾಹಾರ ಮುಗಿಸಿ ಹೋದವರು ಮತ್ತೆ ಸುದ್ದಿ ಕಳುಹಿಸುವುದಿಲ್ಲ. ಮೊಮ್ಮಗನು ಶಾಲೆಯಿಂದ ಅಳುತ್ತ ಬರುತ್ತಾನೆ. ಅಂತರಂಗಶುದ್ಧಿಯ ಜೊತೆಯಲ್ಲಿಯೇ ಬಹಿರಂಗಶುದ್ಧಿಯನ್ನೂ ನಮ್ಮ ಹಿರಿಯರು ಹೇಳಿದುದು ಸುಮ್ಮನೆಯೆ? ಇನ್ನೊಂದು ಮಾತು. ‘ಲೋಕದ ತೀರ್ಪು ನನಗೇನು?’ ಎನ್ನುವವರಲ್ಲಿ ಎಷ್ಟು ಮಂದಿಗೆ ನಿಜವಾದ ನಿರ್ಲಿಪ್ತತೆ ಇದ್ದೀತು, ಎಷ್ಟು ಮಂದಿಗೆ ಕೋರ್ಟಿನ ಮೆಟ್ಟಿಲು ಮತ್ತೆ ಹತ್ತುವ ಭಯ ಇದ್ದೀತು ಎಂಬುದನ್ನು ಅವರವರೇ ನೋಡಿಕೊಳ್ಳಬೇಕು.

ಈ ಪ್ರಶ್ನೆಯು ಅತ್ಯಂತ ಕಠಿಣ ರೂಪದಲ್ಲಿ ಎದುರಾದುದು ಫ್ರಾನ್ಸ್ ದೇಶದ ಆಲ್ಫ್ರೆಡ್ ಡ್ರೇಫಸ್ ಎಂಬ ಸೇನಾಧಿಕಾರಿಗೆ. ಆತನು ಫಿರಂಗಿ ದಳದಲ್ಲಿ ಕ್ಯಾಪ್ಟನ್ ಆಗಿದ್ದವನು, ಯಹೂದ್ಯನು. ಸೈನ್ಯದ ಗುಟ್ಟನ್ನು ಜರ್ಮನರಿಗೆ ಮಾರಿದನೆಂಬ ಆರೋಪದ ಮೇಲೆ ೧೮೯೪ರ ಅಕ್ಟೋಬರದಲ್ಲಿ ಆತನನ್ನು ಬಂಧಿಸಿದರು. ಒಂದು ಪತ್ರದ ಕೈಬರಹವು ಆತನದನ್ನು ಹೋಲುತ್ತದೆಂಬುದೇ ಮುಖ್ಯ ಆಧಾರ. ಆತನಿಗಾಗಲಿ ಆತನ ವಕೀಲನಿಗಾಗಲಿ ತೋರಿಸದೆ ಗುಪ್ತ ಕಾಗದಗಳ ಒಂದು ಕಟ್ಟನ್ನು ಸೈನಿಕ ನ್ಯಾಯಾಧೀಶರ ಕೈಗೆ ಕೊಟ್ಟರು. ಡಿಸೆಂಬರ್ ೨೨ರಂದು ಅಪರಾಧಿಯೆಂದು ತೀರ್ಪಾಯಿತು. ಆತನು ಮೇಲ್ಮನವಿ ಸಲ್ಲಿಸಿದನು. ಅದು ಆ ವರ್ಷದ ಕೊನೆಯ ದಿನದಂದು ತಿರಸ್ಕೃತವಾಯಿತು. ೧೮೯೫ರ ಜನವರಿ ೫ರಂದು ಪ್ಯಾರಿಸ್ಸಿನ ಸೈನಿಕ ಶಾಲೆಯ ಅಂಗಳದಲ್ಲಿ ಸಾಲುಗಟ್ಟಿ ನಿಂತ ಸೈನಿಕರೆದುರು ಆತನ ಪದವಿಯ ಚಿಹ್ನೆಗಳನ್ನು ಕಿತ್ತು, ಖಡ್ಗವನ್ನು ಮುರಿದರು. ಆ ಗಳಿಗೆಯಲ್ಲಿಯೂ ಆತನು ತಾನು ನಿರಪರಾಧಿಯೆಂದು ಕೂಗಿ ಹೇಳಿದನು. ಹೊರಗೆ ನೆರೆದ ಜನ ಆತನಿಗೆ ಸಾವನ್ನು ಕೋರಿ ಬೊಬ್ಬೆಯಿಟ್ಟಿತು.

ಅಲ್ಲಿಂದ ಆತನನ್ನು ದಕ್ಷಿಣ ಅಮೆರಿಕದ ಕರಾವಳಿಯಾಚೆಯ ‘ಸೈತಾನನ ದ್ವೀಪ’ವೆಂಬ ಬಂಡೆಗಲ್ಲಿನ ನಡುಗಡ್ಡೆಗೆ ಸಾಗಿಸಿದರು. ಕಾವಲುಗಾರರಿಗೆ ಆತನೊಡನೆ ಮಾತನಾಡಕೂಡದೆಂಬ ಕಟ್ಟಪ್ಪಣೆ. ೧೮೯೬ರಲ್ಲಿ ತಪ್ಪಿಸಿಕೊಂಡನೆಂಬ ಸುಳ್ಳು ಸುದ್ದಿ ಹುಟ್ಟಲು, ರಾತ್ರಿಯ ಹೊತ್ತು ಆತನ ಕಾಲುಗಳನ್ನು ಮಂಚಕ್ಕೆ ಸರಪಳಿಯಿಂದ ಬಿಗಿದರು. ಅದೇ ವರ್ಷ ಪಿಕಾರ್ ಎಂಬ ಅಧಿಕಾರಿಗೆ ಆ ಕೈಬರಹವು ಎಸ್ಟರ್‌ಹಾಜಿ ಎಂಬ ಬೇರೊಬ್ಬನದೆಂದು ತಿಳಿದುಬಂದಿತು. ಮೇಲಧಿಕಾರಿಗಳಿಗೆ ಅದು ಬೇಕಾಗಿರಲಿಲ್ಲ. ನಿಜವಾದ ಅಪರಾಧಿಯನ್ನು ೧೮೯೮ರ ಜನವರಿಯಲ್ಲಿ ವಿಚಾರಣೆಯ ನೆಪ ಮಾಡಿ ಬಿಟ್ಟುಬಿಟ್ಟರು! ಎರಡು ದಿನಗಳ ತರುವಾಯ ಕಾದಂಬರಿಕಾರ ಎಮಿಲ್ ಜೋಲಾ ತನ್ನ ಪ್ರಸಿದ್ಧ ಬಹಿರಂಗ ಪತ್ರವನ್ನು ಪ್ರಕಟಿಸಿ, ಅದಕ್ಕಾಗಿ ತಾನೂ ಶಿಕ್ಷೆಗೆ ಗುರಿಯಾದನು. ಆತನ ಕಥೆಯನ್ನು ಎಲ್ಲರೂ ಬಲ್ಲರು. ನನ್ನ ಮನಸ್ಸನ್ನು ಹಿಡಿದಿರುವುದು ಮುಂದೆ ನಡೆದುದು.

೧೮೯೯ರ ಜೂನ್‌ನಲ್ಲಿ ಫ್ರಾನ್ಸಿನ ಪರಮೋಚ್ಚ ನ್ಯಾಯಾಲಯವು ಹಳೆಯ ತೀರ್ಪನ್ನು ಅಳಿಸಿ ಮರುವಿಚಾರಣೆಗೆ ಆಜ್ಞೆ ಮಾಡಿತು. ರೆನ್ ಎಂಬ ಊರಿನಲ್ಲಿ ಅದು ನಡೆಯಿತು. ನಾಲ್ಕು ವರ್ಷ ಮಾತಿಲ್ಲದೆ ಇದ್ದ ಆತನಿಗೆ ನಾಲಗೆ ಸರಿಯಾಗಿ ಹೊರಳುತ್ತಿರಲಿಲ್ಲ. ಮೂವತ್ತೊಂಬತ್ತರ ಹರೆಯದಲ್ಲಿಯೇ ಕೂದಲು ನೆರೆತಿತ್ತು. ಏಳು ಮಂದಿ ನ್ಯಾಯಾಧೀಶರಲ್ಲಿ ಐವರು ಮತ್ತೆ ‘ಅಪರಾಧಿ’ ಎಂದರು. ಅದರ ಬೆನ್ನಿಗೆ, ತಪ್ಪನ್ನು ಹಗುರಗೊಳಿಸುವ ಸಂದರ್ಭಗಳಿವೆ ಎಂದೂ ಸೇರಿಸಿ ಹತ್ತು ವರ್ಷದ ಸೆರೆ ಎಂದರು. ದೇಶದ್ರೋಹವನ್ನು ಹಗುರಗೊಳಿಸುವ ಸಂದರ್ಭ ಯಾವುದೋ ನಾನರಿಯೆ. ತಮಗೇ ನಂಬಿಕೆಯಿಲ್ಲದವರು ಆಡುವ ಮಾತು ಹೀಗಿರುತ್ತದೆ.

ಡ್ರೇಫಸ್ ಮತ್ತೆ ಮೇಲ್ಮನವಿಗೆ ಸಹಿ ಹಾಕಿದನು. ಆಗ ಸರಕಾರವು ಒಂದು ಸಂದೇಶವನ್ನು ಕಳುಹಿಸಿತು: ರಾಷ್ಟ್ರಾಧ್ಯಕ್ಷರು ಕ್ಷಮಾದಾನ ಮಾಡುವರು, ಆದರೆ ಮೇಲ್ಮನವಿಯನ್ನು ಹಿಂದಕ್ಕೆ ಪಡೆಯಬೇಕು.

ಕ್ಷಮೆ! ಮಾಡದ ತಪ್ಪಿಗೆ ಕ್ಷಮೆ. ಆತನ ಪರವಾಗಿ ಹೋರಾಡಿದವರಲ್ಲಿಯೇ ಒಡಕು ಹುಟ್ಟಿತು. ಇದನ್ನು ಸ್ವೀಕರಿಸಿದರೆ ಸತ್ಯದ ಪಕ್ಷವೇ ಶರಣಾದಂತಾಗುವುದೆಂದು ಕ್ಲೆಮಾನ್ಸೋ ಮೊದಲು ವಿರೋಧಿಸಿದನು; ಸತ್ಯಕ್ಕಾಗಿ ತನ್ನ ಉದ್ಯೋಗವನ್ನೇ ಕಳೆದುಕೊಂಡ ಪಿಕಾರನಿಗೂ ಇದು ಹಿಡಿಸಲಿಲ್ಲ. ಅಣ್ಣನಾದ ಮಾತ್ಯೂ ಮಾತ್ರ ತಮ್ಮನ ದೇಹವನ್ನು ಕಣ್ಣಾರೆ ಕಂಡಿದ್ದನು. ಮತ್ತೊಂದು ಚಳಿಗಾಲವನ್ನು ಸೆರೆಯಲ್ಲಿ ಕಳೆದರೆ ತಮ್ಮನು ಉಳಿಯಲಾರನೆಂದು ಆತನಿಗೆ ತೋರಿತು. ಹೆಂಡತಿ ಲೂಸಿಯೂ ಎರಡು ಚಿಕ್ಕ ಮಕ್ಕಳೂ ಕಾಯುತ್ತಿದ್ದರು. ಡ್ರೇಫಸ್ ಒಪ್ಪಿದನು. ಸೆಪ್ಟೆಂಬರ್ ೧೯ರಂದು ಅಧ್ಯಕ್ಷ ಲೂಬೆ ಕ್ಷಮಾಪತ್ರಕ್ಕೆ ಸಹಿ ಮಾಡಿದನು. ಬಿಡುಗಡೆಯಾದೊಡನೆ ಡ್ರೇಫಸ್ ಒಂದು ಹೇಳಿಕೆಯನ್ನು ಪ್ರಕಟಿಸಿ, ಮಾನವಿಲ್ಲದ ಸ್ವಾತಂತ್ರ್ಯ ತನಗೆ ಬೇಡವೆಂದೂ, ತೀರ್ಪು ಅಳಿಯುವವರೆಗೆ ತಾನು ಸುಮ್ಮನಿರಲಾರೆನೆಂದೂ ಸಾರಿದನು.

ಆತನು ಮಾಡಿದುದು ಸರಿಯೆ? ನಾನು ಸರಿಯೆಂದೇ ಹೇಳುವೆನು. ಆತನ ಬಾಯಿಂದ ‘ನಾನು ಮಾಡಿದೆ’ ಎಂಬ ಮಾತು ಎಂದೂ ಹೊರಡಲಿಲ್ಲ. ಬಾಗಿಲನ್ನು ತೆರೆದವರು ತಮ್ಮ ಮನಸ್ಸಿನಲ್ಲಿ ಏನೆಂದುಕೊಂಡು ತೆರೆದರೋ ಅದು ಅವರ ಲೆಕ್ಕ. ಹೊರಗೆ ಬಂದವನು ಏನೆಂದು ಹೇಳಿ ಬಂದನು ಎಂಬುದು ಅವನ ಲೆಕ್ಕ. ಕ್ಲೆಮಾನ್ಸೋವಿನ ಆಕ್ಷೇಪಣೆಯಲ್ಲಿ ಗಾಂಭೀರ್ಯವುಂಟು. ಒಬ್ಬನ ಮೊಕದ್ದಮೆ ಇಡೀ ದೇಶದ ಮೊಕದ್ದಮೆಯಾಗಿದ್ದ ಕಾಲವದು. ಆದರೆ ಸತ್ಯಕ್ಕಾಗಿ ಸಾಯುವೆನೆಂದು ಒಬ್ಬನು ತಾನಾಗಿ ಹೇಳಿದರೆ ಅದು ತ್ಯಾಗ. ಮನೆಯಲ್ಲಿ ಬೆಚ್ಚಗೆ ಕುಳಿತವರು ಅವನಿಗೆ ‘ನೀನು ಸಾಯಿ’ ಎಂದರೆ ಅದು ಬೇರೆಯೇ ವಸ್ತು. ಹೀಗೆಂದು ಕ್ಷಮೆಯಲ್ಲಿ ಅಪಾಯವಿಲ್ಲವೆಂದಲ್ಲ. ಕ್ಷಮಿಸಿದ ಸಮಾಜವು ಬೇಗನೆ ಮರೆಯಬಯಸುತ್ತದೆ. ೧೯೦೦ರ ಕೊನೆಗೆ ಈ ಪ್ರಕರಣಕ್ಕೆ ಸಂಬಂಧಪಟ್ಟವರಿಗೆಲ್ಲ, ಸುಳ್ಳು ದಾಖಲೆಗಳಲ್ಲಿ ಕೈಯಿದ್ದವರಿಗೆ ಕೂಡ, ಸಾಮೂಹಿಕ ಮಾಫಿ ಕೊಡುವ ಶಾಸನವಾಯಿತು. ಡ್ರೇಫಸ್ ಅದನ್ನು ವಿರೋಧಿಸಿದನು. ೧೯೦೩ರಲ್ಲಿ ಪುನಃ ಅರ್ಜಿ ಹಾಕಿದನು. ೧೯೦೬ರ ಜುಲೈ ೧೨ರಂದು ಪರಮೋಚ್ಚ ನ್ಯಾಯಾಲಯವು ರೆನ್ ತೀರ್ಪನ್ನು, ಇನ್ನೊಂದು ವಿಚಾರಣೆಗೂ ಎಡೆಯಿಲ್ಲದಂತೆ, ರದ್ದುಗೊಳಿಸಿತು. ಹನ್ನೆರಡು ವರ್ಷ! ಸೆರೆಯ ವರ್ಷಗಳನ್ನು ಆತನ ಸೇವೆಗೆ ಸೇರಿಸದೆ ಹೋದ ಅನ್ಯಾಯವಂತೂ ಉಳಿದೇ ಇತ್ತು. ೨೦೨೫ರಲ್ಲಿ ಫ್ರಾನ್ಸಿನ ಸಂಸತ್ತು ಶಾಸನ ಮಾಡಿ, ೧೯೩೫ರಲ್ಲಿಯೇ ತೀರಿಹೋಗಿದ್ದ ಆತನಿಗೆ ಬ್ರಿಗೇಡಿಯರ್ ಜನರಲ್ ಪದವಿಯನ್ನು ಕೊಟ್ಟಿತು.

ಇಷ್ಟಾದರೂ ಡ್ರೇಫಸ್ ಸೈನ್ಯವನ್ನು ದ್ವೇಷಿಸಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮತ್ತೆ ಸಮವಸ್ತ್ರ ತೊಟ್ಟನು. ಇದು ಕೆಲವರಿಗೆ ಹೇಡಿತನವೆಂದು ತೋರಿದೆ. ನನಗೆ ಹಾಗೆ ತೋರುವುದಿಲ್ಲ. ಮೇಲ್ಮನವಿ ಮಾಡುವವನು ನ್ಯಾಯಸ್ಥಾನವನ್ನು ಧಿಕ್ಕರಿಸುವವನಲ್ಲ. ‘ನೀವು ಕೊಟ್ಟ ತೀರ್ಪಿಗಿಂತ ನೀವು ಉತ್ತಮರು’ ಎಂದು ಅವನು ಅದಕ್ಕೆ ಹೇಳುತ್ತಿರುತ್ತಾನೆ. ನಂಬಿಕೆ ಪೂರ್ಣ ಸತ್ತವನು ಅರ್ಜಿಯನ್ನೇಕೆ ಬರೆದಾನು?

ಈಗ ನಮ್ಮ ಗೃಹಸ್ಥರ ಮಾತಿಗೆ ಬರೋಣ. ಡ್ರೇಫಸ್‌ನಿಗೆ ಕ್ಷಮೆಯು ಹೊರಗಿನಿಂದ ಬಂದಿತು. ಇವರಿಗಾದರೋ ದಯೆಯನ್ನು ಪಡೆಯಬೇಕಾದರೆ ‘ಅಪರಾಧ ನಿರ್ಣಯವನ್ನು ನಾವು ಪ್ರಶ್ನಿಸುವುದಿಲ್ಲ’ ಎಂದು ಅವರ ಹೆಸರಿನಲ್ಲಿ ಹೇಳಬೇಕು. ಹಾಗೆ ಹೇಳಿದ ಮೇಲೆ ನಿಜವಾಗಿ ಹಣ ಕದ್ದವನನ್ನು ಯಾರು ಹುಡುಕುವರು? ಎಸ್ಟರ್‌ಹಾಜಿಯಂತೆ ಅವನೂ ನಿಶ್ಚಿಂತನಾಗುವನು. ನಿರಪರಾಧಿಯು ತನ್ನ ಮೇಲೆ ಎಳೆದುಕೊಂಡ ಅಪರಾಧವು ಇನ್ನೊಬ್ಬನಿಗೆ ಹೊದಿಕೆಯಾಗುತ್ತದೆ. ಇದನ್ನು ತ್ಯಾಗವೆಂದು ಭ್ರಮಿಸಕೂಡದು. ಆದರೆ ಇವೆರಡರ ನಡುವೆ ಇನ್ನೊಂದು ದಾರಿಯನ್ನು ನಮ್ಮ ಕಾನೂನು ಮುಚ್ಚಿಲ್ಲ. ‘ನಾನು ನಿರಪರಾಧಿ, ನನ್ನನ್ನು ಬಿಡುಗಡೆ ಮಾಡಿರಿ, ಅದು ತಮ್ಮ ಮನಸ್ಸಿಗೆ ಬಾರದೆ ಹೋದರೆ ವಯಸ್ಸನ್ನು ನೋಡಿ ಶಿಕ್ಷೆಯನ್ನಾದರೂ ಕಡಿಮೆ ಮಾಡಿರಿ’ ಎಂದು ಒಂದೇ ಅರ್ಜಿಯಲ್ಲಿ ಕೇಳಬಹುದು. ಇದರಲ್ಲಿ ಸುಳ್ಳಿಲ್ಲ. ಪಶ್ಚಾತ್ತಾಪವನ್ನು ಕಾಣದೆ ನ್ಯಾಯಾಧೀಶರು ದಯೆ ತೋರದೆ ಹೋಗಬಹುದೆಂಬ ಭಯವೇನೋ ಉಂಟು. ಆ ಬೆಲೆ ಸಣ್ಣದಲ್ಲ.

ಪ್ರಸಂಗವಶಾತ್ ಗೃಹಸ್ಥರು ಅರಿತಿರತಕ್ಕ ಎರಡು ಮಾತುಗಳುಂಟು. ವಿಚಾರಣೆಯಲ್ಲಿಯೇ ತಪ್ಪೊಪ್ಪಿಕೊಂಡು, ಅದರ ಮೇಲೆ ಶಿಕ್ಷೆಯಾದವನಿಗೆ ಅಪೀಲಿನ ಬಾಗಿಲು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಶಿಕ್ಷೆಯ ಪ್ರಮಾಣವನ್ನೋ ನ್ಯಾಯಬದ್ಧತೆಯನ್ನೋ ಮಾತ್ರ ಪ್ರಶ್ನಿಸಬಹುದು. ‘ಒಪ್ಪಿಕೊಂಡುಬಿಡು, ಬೇಗ ಮುಗಿಯುತ್ತದೆ’ ಎನ್ನುವ ಹಿತೈಷಿಗಳು ಇದನ್ನು ಹೇಳುವುದಿಲ್ಲ. ಇನ್ನೊಂದು, ಅಪೀಲು ನಡೆಯುತ್ತಿರುವಾಗ ಅಪರಾಧಿಯೆನಿಸಿಕೊಂಡವನು ತೀರಿಕೊಂಡರೆ ಅಪೀಲೂ ಮುಗಿಯಿತೆಂಬುದು ಸಾಮಾನ್ಯ ನಿಯಮ. ಆದರೆ ಮರಣದಂಡನೆ ಅಥವಾ ಸೆರೆವಾಸದ ತೀರ್ಪಾಗಿದ್ದರೆ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ಮೊಮ್ಮಕ್ಕಳು, ಒಡಹುಟ್ಟಿದವರು ಇವರಲ್ಲಿ ಯಾರಾದರೂ ೩೦ ದಿನಗಳೊಳಗೆ ಅನುಮತಿ ಬೇಡಿ ಅದನ್ನು ಮುಂದುವರಿಸಬಹುದು. ೧೯೭೩ರ ದಂಡಪ್ರಕ್ರಿಯಾ ಸಂಹಿತೆಯ ೩೯೪ನೆಯ ಕಲಮಿನಲ್ಲಿದ್ದ ಈ ನಿಯಮವು ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಉಳಿದುಬಂದಿದೆ. ಸತ್ತವನನ್ನು ಸೆರೆಗೆ ಹಾಕಲಾಗದು. ಆದರೂ ಅವನ ಮೇಲಿನ ಮಾತನ್ನು ತೊಡೆಯಲು ಮನೆಯವರು ಬರಬಹುದೆಂದು ಶಾಸನವೇ ಒಪ್ಪಿದೆ.

ಡ್ರೇಫಸ್‌ನಿಗೆ ಮಾತ್ಯೂವಿನಂತಹ ಅಣ್ಣನಿದ್ದನು, ಧನವಿತ್ತು. ಇವೆರಡೂ ಇಲ್ಲದವರ ಗತಿಯೇನು? ಮಹಾರಾಷ್ಟ್ರದ ಅಲೆಮಾರಿ ಕುಲದ ಆರು ಮಂದಿ ಬಡವರಿಗೆ ೨೦೦೯ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೇ ಮರಣದಂಡನೆಯೆಂದು ತೀರ್ಪು ಕೊಟ್ಟಿತು. ಅದೇ ನ್ಯಾಯಾಲಯವು ೨೦೧೯ರ ಮಾರ್ಚ್‌ನಲ್ಲಿ ತನ್ನ ತೀರ್ಪನ್ನು ಪುನಃ ಪರಿಶೀಲಿಸಿ, ಆರು ಮಂದಿಯೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿ, ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಸರಕಾರಕ್ಕೆ ಆಜ್ಞೆ ಮಾಡಿತು. ಅಷ್ಟರಲ್ಲಿ ಹದಿನಾರು ವರ್ಷಗಳು ಕಳೆದಿದ್ದುವು. ಸೆರೆಯಲ್ಲಿರುವವನಿಗೆ ಉಚಿತ ವಕೀಲರನ್ನು ಕೊಡಬೇಕೆಂದು ೧೯೮೭ರ ಕಾನೂನು ಹೇಳುತ್ತದೆ. ಸೆರೆಮನೆಯ ಅಧಿಕಾರಿಯ ಮೂಲಕವೇ ಅಪೀಲು ಕಳುಹಿಸಬಹುದು. ಇದನ್ನು ಬಲ್ಲ ಕೈದಿಗಳು ಎಷ್ಟು ಮಂದಿಯೋ!

ಮರುವಾರ ಆ ಹಿರಿಯರು ಮತ್ತೆ ಬಂದಾಗ ನಾನು ಮೊದಲು ಒಂದು ಪ್ರಶ್ನೆ ಕೇಳಿದೆನು: “ತಿಜೋರಿಯ ಬೀಗದ ಕೈ ಸದಾ ನಿಮ್ಮಲ್ಲಿಯೇ ಇರುತ್ತಿತ್ತೆ?” ಅವರು ತಲೆ ತಗ್ಗಿಸಿದರು. ಅವಸರದ ದಿನಗಳಲ್ಲಿ ಬೇರೆಯವರ ಕೈಗೆ ಕೊಟ್ಟುದುಂಟು. ರೋಖು ಎಣಿಸದೆ ಕೀರ್ದಿಗೆ ಸಹಿ ಹಾಕಿದುದೂ ಉಂಟು. “ಹಾಗಾದರೆ ನಾನು ನಿರಪರಾಧಿಯಲ್ಲವೆ, ಮಾಸ್ತರೇ?” ಎಂದರು. ಕಳವಿಗೆ ನಿರಪರಾಧಿಗಳು, ಅಜಾಗರೂಕತೆಗೆ ಅಲ್ಲ ಎಂದೆನು. ಕೇಳಲು ಕಷ್ಟವಾಯಿತೇನೋ. ಆದರೆ ‘ನನ್ನಲ್ಲಿ ಯಾವ ದೋಷವೂ ಇಲ್ಲ’ ಎನ್ನುವವನ ಮಾತು ಒಂದು ಸಣ್ಣ ಲೋಪ ಸಿಕ್ಕೊಡನೆ ಕುಸಿದುಬೀಳುತ್ತದೆ. ‘ಇಷ್ಟು ಮಾಡಿದೆ, ಇದನ್ನು ಮಾಡಲಿಲ್ಲ’ ಎನ್ನುವವನನ್ನು ಅಲುಗಾಡಿಸುವುದು ಕಷ್ಟ. ಅವರು ಬಹಳ ಹೊತ್ತು ಕಿಟಕಿಯ ಕಡೆಗೆ ನೋಡುತ್ತಿದ್ದು, ಅದನ್ನು ಮೊದಲು ಹೆಂಡತಿಗೆ ಹೇಳಬೇಕು ಎಂದು ಎದ್ದುಹೋದರು.

ಮ್ಯಾಜಿಸ್ಟ್ರೇಟರ ತೀರ್ಪಿನ ಮೇಲೆ ಸೆಶನ್ಸ್ ನ್ಯಾಯಾಲಯಕ್ಕೆ ಅಪೀಲು ಹೋಗಲು ಇರುವ ಅವಧಿ ೩೦ ದಿನ. ಅವರು ೨೬ನೆಯ ದಿನ ಸಲ್ಲಿಸಿದರು. ಅಪರಾಧ ನಿರ್ಣಯವನ್ನೇ ಪ್ರಶ್ನಿಸಿದ್ದಾರೆ. ಕೊನೆಯಲ್ಲಿ ವಯಸ್ಸಿನ ಮಾತನ್ನೂ ಸೇರಿಸಿದ್ದಾರೆ. ವಕೀಲರು ಮೊದಲು ಮುಖ ಗಂಟಿಕ್ಕಿದರೂ ಅರ್ಜಿಯನ್ನು ಚೆನ್ನಾಗಿಯೇ ಬರೆದರಂತೆ. ಮೂರು ತಾರೀಖುಗಳು ಆಗಿವೆ, ವಾದ ಇನ್ನೂ ಆರಂಭವಾಗಿಲ್ಲ. ಪ್ರತಿ ತಾರೀಖಿಗೂ ಮಗನು ತಂದೆಯ ಜೊತೆಯಲ್ಲಿ ಹೋಗಿ ಕಟಕಟೆಯ ಹಿಂದಿನ ಬೆಂಚಿನ ಮೇಲೆ ಕುಳಿತಿರುತ್ತಾನೆ.